ಊರಿನ ರಸ್ತೆ ಕಾಡಿನ ಅಂಚಿಗೆ ಬಂದು ನಿಂತಿದೆಯಾ? ಗ್ರಾಮಸಭೆ ಕೈಯಲ್ಲಿರೋ ಒಂದು ಹೆಕ್ಟೇರಿನ ಲೆಕ್ಕ

ನಮ್ಮೂರಿನ ಟಾರ್ ರಸ್ತೆ ಒಂದು ಮತ್ತಿ ಮರದ ಹತ್ತಿರ ಬಂದು ನಿಂತುಬಿಡುತ್ತೆ. ಅಲ್ಲಿಂದ ನಮ್ಮ ಕೇರಿಗೆ ಕಾಡಿನ ಮಧ್ಯೆ ಏಳುನೂರು ಮೀಟರ್ ಮಣ್ಣಿನ ದಾರಿ. ಆ ಕಡೆ 23 ಮನೆಗಳಿವೆ. ಮಳೆಗಾಲದಲ್ಲಿ ಪಿಕಪ್ ಬಿಡಿ, ಬೈಕನ್ನೂ ಆ ಮರದ ಬುಡದಲ್ಲೇ ನಿಲ್ಲಿಸಿ ನಡೆಯಬೇಕು. ಅಡಿಕೆ ದರ ಏರಿದೆ ಅಂತ ಜುಲೈನಲ್ಲಿ ಮೊಬೈಲ್‌ಗೆ ಮೆಸೇಜ್ ಬರುತ್ತೆ, ಅಡಿಕೆ ಮಾತ್ರ ಅಟ್ಟದ ಮೇಲೇ ಇರುತ್ತೆ. ದೊಡ್ಡಮ್ಮನಿಗೆ ಹಾವು ಕಚ್ಚಿದ ವರ್ಷ ಅವರನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ಆ ಮರದ ತನಕ ತಂದೆವು. ಬದುಕಿಕೊಂಡರು. ಆದರೆ ಆ ಇಪ್ಪತ್ತೈದು ನಿಮಿಷ ನಮ್ಮ ಕೇರಿಯಲ್ಲಿ ಯಾರೂ ಮರೆತಿಲ್ಲ.

ರಸ್ತೆಗೆ ಎರಡು ಸಲ ದುಡ್ಡು ಮಂಜೂರಾಗಿತ್ತು. ಎರಡೂ ಸಲ ಕಡತದ ಮೇಲೆ "ಅರಣ್ಯ ಜಾಗ" ಅಂತ ಬರೆದು ಹಣ ವಾಪಸ್ ಹೋಯ್ತು. ಊರಿನವರು ಅರಣ್ಯ ಇಲಾಖೆಯನ್ನು ಬೈದರು, ಇಲಾಖೆಯವರು ಪಂಚಾಯ್ತಿ ಕಡೆ ಕೈ ತೋರಿಸಿದರು, ಪಂಚಾಯ್ತಿಯವರು ಮೇಲಿನವರ ಕಡೆ. ಚುನಾವಣೆ ಬಂದಾಗ ಎಲ್ಲರೂ ಮತ್ತಿ ಮರದ ತನಕ ಬಂದು ನಮಸ್ಕಾರ ಹಾಕಿ ಹೋದರು.

ನಮಗೆ ಗೊತ್ತಿಲ್ಲದೇ ಇದ್ದ ವಿಷಯ ಏನಂದ್ರೆ, ಇಂಥ ಸಣ್ಣ ಕೆಲಸಕ್ಕೆ ದೆಹಲಿ ತನಕ ಹೋಗಬೇಕಾಗಿಲ್ಲ. ಕಾನೂನು ಮೊದಲ ಮಾತನ್ನು ಗ್ರಾಮಸಭೆಗೇ ಕೊಟ್ಟಿದೆ. ಆ ಮಾತನ್ನು ಸರಿಯಾಗಿ ಆಡೋಕೆ ನಮಗೆ ಎರಡು ವರ್ಷ ಹಿಡೀತು. ನಿಮಗೆ ಅಷ್ಟು ಹಿಡಿಯಬಾರದು ಅಂತ ಈ ವಾರ ಇದನ್ನು ಬರೀತಿದ್ದೇನೆ. ಊರಿನ ಹೆಸರು ಹಾಕಿಲ್ಲ, ಕಡತ ಇನ್ನೂ ಓಡಾಡ್ತಾ ಇದೆ. ಪಶ್ಚಿಮ ಘಟ್ಟದ ಅಂಚಿನ ಒಂದು ಅಡಿಕೆ ಊರು ಅಂತ ಇಟ್ಕೊಳ್ಳಿ.

ಎರಡು ಕಾಯ್ದೆ, ಎರಡು ದಾರಿ

ಅರಣ್ಯ ಸಂರಕ್ಷಣಾ ಕಾಯ್ದೆ ಬಂದಿದ್ದು 1980ರ ಅಕ್ಟೋಬರ್ 25ಕ್ಕೆ. ಅರಣ್ಯ ಜಾಗವನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ರಾಜ್ಯ ಸರ್ಕಾರ ಮೊದಲು ಕೇಂದ್ರದ ಒಪ್ಪಿಗೆ ಪಡೀಬೇಕು ಅನ್ನೋದು ಅದರ ತಿರುಳು. 2023ರ ತಿದ್ದುಪಡಿಯಲ್ಲಿ ಅದರ ಹೆಸರು ಹಿಂದಿಗೆ ಬದಲಾಗಿದೆ, ಆದರೆ ಕಚೇರಿಗಳಲ್ಲಿ ಇವತ್ತಿಗೂ ಎಫ್‌ಸಿ ಆಕ್ಟ್ ಅಂತಲೇ ಕರೀತಾರೆ. ಹೆದ್ದಾರಿ, ಗಣಿ, ಅಣೆಕಟ್ಟು ಇವೆಲ್ಲ ಹೋಗೋದು ಈ ದಾರಿಯಲ್ಲಿ. ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿ, ಮೊದಲ ಹಂತದ ಒಪ್ಪಿಗೆ, ಪರಿಹಾರವಾಗಿ ಗಿಡ ನೆಡಿಸೋ ಹಣ, ಆಮೇಲೆ ಎರಡನೇ ಹಂತದ ಒಪ್ಪಿಗೆ. ಒಂದು ಗ್ರಾಮ ಪಂಚಾಯ್ತಿ ಏಳುನೂರು ಮೀಟರ್ ರಸ್ತೆಗೆ ಈ ಮೆಟ್ಟಿಲು ಹತ್ತೋದು ಕಷ್ಟ.

ಇನ್ನೊಂದು ಅರಣ್ಯ ಹಕ್ಕು ಕಾಯ್ದೆ, 2006. ಇದರ ಹೆಸರು ಕೇಳಿದ ಕೂಡಲೇ ನಮ್ಮ ಕಡೆ ಎಲ್ಲರ ನೆನಪಿಗೆ ಬರೋದು ಅತಿಕ್ರಮಣ ಸಕ್ರಮ, ಅರ್ಜಿ, ತಿರಸ್ಕಾರ. ಹಾಗಾಗಿ ಅದೇ ಕಾಯ್ದೆಯ 3ನೇ ಸೆಕ್ಷನ್ನಿನ 2ನೇ ಉಪಸೆಕ್ಷನ್ ಯಾರ ಕಣ್ಣಿಗೂ ಬೀಳೋದಿಲ್ಲ. ಎಫ್‌ಸಿ ಆಕ್ಟ್ ಏನೇ ಹೇಳಿದ್ರೂ, ಹದಿಮೂರು ಬಗೆಯ ಊರಿನ ಸೌಲಭ್ಯಗಳಿಗೆ ಅರಣ್ಯ ಜಾಗ ಕೊಡಬಹುದು ಅಂತ ಅದರಲ್ಲಿದೆ. ಶಾಲೆ, ಆಸ್ಪತ್ರೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಕರೆಂಟು ಮತ್ತು ಫೋನಿನ ಲೈನು, ಕೆರೆಕಟ್ಟೆ, ಕುಡಿಯೋ ನೀರಿನ ಪೈಪು, ಮಳೆನೀರು ಸಂಗ್ರಹ, ಸಣ್ಣ ನೀರಾವರಿ ಕಾಲುವೆ, ಸೋಲಾರ್‌ನಂಥ ವಿದ್ಯುತ್ತು, ಕೌಶಲ ತರಬೇತಿ ಕೇಂದ್ರ, ರಸ್ತೆ, ಸಮುದಾಯ ಭವನ. ರಸ್ತೆ ಇದೆ ನೋಡಿ ಅದರಲ್ಲಿ. ನಾನು ಮೊದಲ ಸಲ ಓದಿದಾಗ ಆ ಪದದ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೆ.

ಷರತ್ತು ನಾಲ್ಕು. ಆ ಸೌಲಭ್ಯ ಸರ್ಕಾರ ನಿರ್ವಹಿಸುವಂಥದ್ದಾಗಿರಬೇಕು. ಪ್ರತಿ ಪ್ರಕರಣದಲ್ಲೂ ಜಾಗ ಒಂದು ಹೆಕ್ಟೇರಿಗಿಂತ ಕಮ್ಮಿ ಇರಬೇಕು. ಕಡಿಯೋ ಮರ ಹೆಕ್ಟೇರಿಗೆ 75 ದಾಟಬಾರದು. ಗ್ರಾಮಸಭೆ ಶಿಫಾರಸು ಮಾಡಿರಬೇಕು. ಕೊನೆಯದು ಇಲ್ಲದೇ ಉಳಿದ ಮೂರು ಇದ್ರೂ ಪ್ರಯೋಜನ ಇಲ್ಲ.

ಮೊದಲನೇ ಷರತ್ತನ್ನು ಇನ್ನೊಮ್ಮೆ ಓದಿ. ನಿಮ್ಮ ತೋಟಕ್ಕೆ ನೀವೇ ಹಾಕಿಕೊಳ್ಳೋ ಪೈಪಿಗೆ, ನಿಮ್ಮ ಮನೆಗೆ ಮಾತ್ರ ಹೋಗೋ ದಾರಿಗೆ ಇದು ಅನ್ವಯ ಆಗಲ್ಲ. ರಸ್ತೆ ಪಂಚಾಯ್ತಿಯದ್ದೋ ಇಲಾಖೆಯದ್ದೋ ಆಗಿ ಅವರ ಲೆಕ್ಕದಲ್ಲಿ ಇರಬೇಕು.

ಆ ಜಾಗ ನಿಜವಾಗಲೂ ಯಾವುದು?

ನಾವು ಮಾಡಿದ ಮೊದಲ ತಪ್ಪು ಇಲ್ಲೇ. "ಫಾರೆಸ್ಟ್" ಅಂತ ಎಲ್ಲರೂ ಹೇಳ್ತಿದ್ರು, ಯಾವ ಫಾರೆಸ್ಟ್ ಅಂತ ಯಾರೂ ನೋಡಿರಲಿಲ್ಲ. ಮಲೆನಾಡಿನಲ್ಲಿ ಮರ ಇರೋ ಜಾಗಕ್ಕೆ ಹತ್ತು ಹೆಸರು. ಸೊಪ್ಪಿನ ಬೆಟ್ಟ, ಕಾನು, ಗೋಮಾಳ, ಬಾಣೆ, ಮೀಸಲು ಅರಣ್ಯ. ಕರ್ನಾಟಕ ಅರಣ್ಯ ಕಾಯ್ದೆ 1963ರ 4ನೇ ಸೆಕ್ಷನ್ ಅಧಿಸೂಚನೆ ಅಂದ್ರೆ ಮೀಸಲು ಅರಣ್ಯ ಮಾಡೋ ಉದ್ದೇಶ ಪ್ರಕಟಿಸಿದ್ದು. 17ನೇ ಸೆಕ್ಷನ್ ಅಧಿಸೂಚನೆ ಆದ್ರೆ ಅದು ಪೂರ್ತಿ ಮೀಸಲು ಅರಣ್ಯ. 4ರಲ್ಲೇ ಹತ್ತಾರು ವರ್ಷ ನಿಂತುಹೋದ ಜಾಗಗಳು ಬೇಕಾದಷ್ಟಿವೆ.

ಇದರ ಮೇಲೆ ಡೀಮ್ಡ್ ಅರಣ್ಯ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನಿಘಂಟಿನ ಅರ್ಥದಲ್ಲಿ ಕಾಡು ಅನ್ನಿಸೋದೆಲ್ಲ, ಒಡೆತನ ಯಾರದೇ ಇರಲಿ, ಅರಣ್ಯವೇ ಅಂತ ಹೇಳ್ತು. ಅದರ ನಂತರ ನಮ್ಮ ರಾಜ್ಯದಲ್ಲಿ 9.94 ಲಕ್ಷ ಹೆಕ್ಟೇರ್ ಕಂದಾಯ ಭೂಮಿ ಡೀಮ್ಡ್ ಪಟ್ಟಿಗೆ ಸೇರಿತ್ತು. 2022ರಲ್ಲಿ ಸರ್ಕಾರ ಅದನ್ನು 3.30 ಲಕ್ಷ ಹೆಕ್ಟೇರಿಗೆ ಇಳಿಸಿತು. ಅಂದ್ರೆ ಹಳೇ ಕಡತದಲ್ಲಿ ಡೀಮ್ಡ್ ಅಂತಿದ್ದ ನಿಮ್ಮ ಸರ್ವೆ ನಂಬರ್ ಹೊಸ ಪಟ್ಟಿಯಲ್ಲಿ ಇಲ್ಲದೇ ಇರಬಹುದು. ಹಳೇ ಷರಾ ನೋಡಿ ಈಗಲೂ "ಆಗಲ್ಲ" ಅಂತ ಬರೆಯೋದುಂಟು. ಕೇಳಿ ನೋಡದೇ ವಾಪಸ್ ಬರಬೇಡಿ.

ನೋಡೋದು ಹೇಗೆ? ಇಲ್ಲಿ ಕೈಯಲ್ಲಿರೋ ಫೋನ್ ಕೆಲಸಕ್ಕೆ ಬರುತ್ತೆ. ಸರ್ಕಾರದ್ದೇ ದಿಶಾಂಕ್ ಆಪ್ ಹಾಕಿಕೊಂಡು ರಸ್ತೆ ನಿಂತ ಜಾಗದಲ್ಲಿ ನಿಂತರೆ ಅಲ್ಲಿನ ಸರ್ವೆ ನಂಬರ್ ತೋರಿಸುತ್ತೆ. ದಾರಿಯುದ್ದಕ್ಕೂ ನಡೀತಾ ಎಲ್ಲೆಲ್ಲಿ ನಂಬರ್ ಬದಲಾಗುತ್ತೆ ಅಂತ ಬರೆದುಕೊಳ್ಳಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಭೂಮಿ ವೆಬ್‌ಸೈಟಿನಲ್ಲಿ ಆ ನಂಬರಿನ ಪಹಣಿ ತೆಗೀರಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಏನು ಷರಾ ಇದೆ ನೋಡಿ. ಗ್ರಾಮ ನಕಾಶೆಯೂ ಆನ್‌ಲೈನ್‌ನಲ್ಲೇ ಸಿಗುತ್ತೆ. ಹಳೇ ನಕಾಶೆಯಲ್ಲಿ ನಿಮ್ಮ ದಾರಿ ಗೆರೆಯಾಗಿ ಬಂದಿದ್ರೆ ಅದರ ನಕಲನ್ನು ತಪ್ಪದೇ ಇಟ್ಕೊಳ್ಳಿ. 1980ಕ್ಕಿಂತ ಮುಂಚೆಯೇ ಊರಿನವರು ಓಡಾಡ್ತಿದ್ದ ದಾರಿ ಅನ್ನೋದಕ್ಕೆ ಅದು ಸಾಕ್ಷಿ, ಕಡತಕ್ಕೆ ತೂಕ ಬರುತ್ತೆ.

ಒಂದು ಎಚ್ಚರಿಕೆ. ದಟ್ಟ ಮರದಡಿ ಫೋನಿನ ಜಿಪಿಎಸ್ ಹತ್ತು ಹದಿನೈದು ಮೀಟರ್ ಆಚೀಚೆ ಹೋಗುತ್ತೆ. ಆಪಿನ ಗೆರೆ ನೋಡಿ ಪಕ್ಕದ ಮನೆಯವರ ಜೊತೆ ಜಗಳ ತೆಗೀಬೇಡಿ. ಅದು ದಿಕ್ಕು ತಿಳಿಯೋಕೆ ಮಾತ್ರ, ಗಡಿ ಹೇಳೋದು ಸರ್ವೆಯರ್.

ನಮ್ಮ ಏಳುನೂರು ಮೀಟರಿನಲ್ಲಿ ಮೊದಲ 120 ಮೀಟರ್ ಗೋಮಾಳ ಅಂತ ಗೊತ್ತಾಯ್ತು. ಅಷ್ಟೂ ವರ್ಷ ಅದನ್ನೂ ಕಾಡು ಅಂತಲೇ ಲೆಕ್ಕ ಹಾಕಿದ್ದೆವು! ಉಳಿದ 580 ಮೀಟರ್ ಮಾತ್ರ ಅರಣ್ಯ. ಅರಣ್ಯ ಹಕ್ಕು ಕಾಯ್ದೆಯ ವ್ಯಾಖ್ಯೆಯಲ್ಲಿ ವರ್ಗೀಕರಿಸದ ಕಾಡು, ಡೀಮ್ಡ್ ಅರಣ್ಯ, ರಕ್ಷಿತ ಅರಣ್ಯ, ಮೀಸಲು ಅರಣ್ಯ ಎಲ್ಲವೂ ಬರುತ್ತೆ. ಹಾಗಾಗಿ ಯಾವ ಬಗೆ ಅಂತ ಗೊತ್ತಾದ್ಮೇಲೂ ಈ ದಾರಿ ಮುಚ್ಚೋದಿಲ್ಲ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನವೂ ಆ ವ್ಯಾಖ್ಯೆಯಲ್ಲಿ ಇವೆ. ಆದರೆ ಅಲ್ಲಿ 1972ರ ವನ್ಯಜೀವಿ ಕಾಯ್ದೆಯೂ ಎದುರಿಗೆ ನಿಲ್ಲುತ್ತೆ, ಅಂಥ ಊರಿನವರು ಒಬ್ಬ ವಕೀಲರನ್ನು ಜೊತೆಗಿಟ್ಟುಕೊಂಡೇ ಹೊರಡೋದು ಒಳ್ಳೇದು.

ಗುಂಟೆ, ಮೀಟರ್, ಮರ

ಒಂದು ಹೆಕ್ಟೇರ್ ಅಂದ್ರೆ ಹತ್ತು ಸಾವಿರ ಚದರ ಮೀಟರ್. ನಮ್ಮ ಲೆಕ್ಕದಲ್ಲಿ 2 ಎಕರೆ 19 ಗುಂಟೆ ಹತ್ತಿರ. ರಸ್ತೆಗೆ ಎಷ್ಟು ಹೋಗುತ್ತೆ ಅನ್ನೋದು ಅಗಲದ ಮೇಲೆ ನಿಂತಿದೆ. 580 ಮೀಟರ್ ಉದ್ದ, ಚರಂಡಿ ಸೇರಿ 5 ಮೀಟರ್ ಅಗಲ ಅಂದ್ರೆ 2,900 ಚದರ ಮೀಟರ್. ಅಂದ್ರೆ 0.29 ಹೆಕ್ಟೇರ್, 29 ಗುಂಟೆ ಹತ್ತಿರ. ಮಿತಿಗಿಂತ ಎಷ್ಟೋ ಕೆಳಗೆ. ಅದೇ ಅಗಲದ ರಸ್ತೆ ಕಾಡಿನಲ್ಲಿ ಎರಡು ಕಿಲೋಮೀಟರ್ ಇದ್ದರೆ ಸರಿಯಾಗಿ ಒಂದು ಹೆಕ್ಟೇರ್ ಆಗುತ್ತೆ. ಕಾಯ್ದೆ ಕೇಳೋದು ಒಂದಕ್ಕಿಂತ ಕಮ್ಮಿ, ಹಾಗಾಗಿ ಅದು ಬಿದ್ದುಹೋಗುತ್ತೆ. ಅಗಲವನ್ನು ನಾಲ್ಕು ಮೀಟರಿಗೆ ಇಳಿಸಿದ್ರೆ 0.8 ಆಗುತ್ತೆ, ಒಳಗೆ ಬರುತ್ತೆ. ಈ ಮಾತನ್ನು ಎಂಜಿನಿಯರ್ ಅಂದಾಜುಪಟ್ಟಿ ಬರೆಯೋ ಮೊದಲೇ ಆಡಬೇಕು. ಬರೆದ ಮೇಲೆ ತಿದ್ದಿಸೋದು ಹಲ್ಲು ಕೀಳಿಸಿಕೊಂಡ ಹಾಗೆ.

ಉದ್ದ ರಸ್ತೆಯನ್ನು ಎರಡು ತುಂಡು ಮಾಡಿ ಎರಡು ಪ್ರಸ್ತಾವ ಹಾಕೋಣ ಅಂತ ಒಬ್ಬರು ಐಡಿಯಾ ಕೊಡ್ತಾರೆ, ಎಲ್ಲಾ ಊರಲ್ಲೂ ಅಂಥವರು ಒಬ್ಬರಿರ್ತಾರೆ. ಬೇಡ. ಒಂದೇ ರಸ್ತೆ ಅಂತ ಸ್ಥಳ ಪರಿಶೀಲನೆಗೆ ಬಂದವರಿಗೆ ಕಾಣುತ್ತೆ, ಎರಡೂ ಕೆಡುತ್ತೆ.

ಮರದ ಲೆಕ್ಕದಲ್ಲಿ ಎಡವೋದು ಜಾಸ್ತಿ. 75 ಮರ ಅನ್ನೋದು ಪೂರ್ತಿ ಹೆಕ್ಟೇರಿಗೆ. 0.29 ಹೆಕ್ಟೇರಿಗೆ 75 ಮರ ಕಡೀಬಹುದು ಅಂತ ನಾವೂ ಅಂದ್ಕೊಂಡಿದ್ದೆವು. ಅದು 21 ಮಾತ್ರ. ಫಾರೆಸ್ಟ್ ಗಾರ್ಡ್‌ಗೆ ಮೊದಲೇ ಹೇಳಿ, ಅವರನ್ನೂ ಕರೆದುಕೊಂಡು ದಾರಿಯುದ್ದಕ್ಕೂ ಹಗ್ಗ ಹಿಡಿದು ಎಣಿಸಿದಾಗ 33 ಮರ ಬಂತು. ಕೇರಿಯ ಹುಡುಗರ ಮುಖ ಸಪ್ಪಗಾಯ್ತು.

ಎಣಿಸುವಾಗ ಸೀಮೆಸುಣ್ಣದಲ್ಲಿ ನಂಬರ್ ಹಾಕಿ. ಗುರುತಿಗೆ ಅಂತ ತೊಗಟೆ ಕೆತ್ತಬೇಡಿ, ಅದೇ ಒಂದು ಕೇಸಾಗುತ್ತೆ. ಅಧಿಕೃತ ಎಣಿಕೆ ಇಲಾಖೆಯವರದ್ದೇ. ನಿಮ್ಮದು ಮುಂಚಿತವಾಗಿ ಗೊತ್ತಿರಲಿ ಅಂತ ಅಷ್ಟೇ.

33ರ ಸುದ್ದಿ ಕೇಳಿದ ಮೇಲೆ ಕೆಳಮನೆ ಅಜ್ಜಿ ಒಂದು ಮಾತು ಹೇಳಿದರು. "ನಾನು ಮದುವೆಯಾಗಿ ಬಂದಾಗ ಗಾಡಿ ಈ ದಾರೀಲಿ ಬರ್ತಿರಲಿಲ್ಲ ಮಗಾ, ಹಳ್ಳದ ಮೇಲಿನ ಕಡೆಯಿಂದ ಬರ್ತಿತ್ತು." ನಾವು ಹುಡುಕಿಕೊಂಡು ಹೋದ್ರೆ ಲಂಟಾನ ಪೊದೆಯ ಕೆಳಗೆ ಹಳೇ ಎತ್ತಿನಗಾಡಿ ದಾರಿ ಇತ್ತು, ಎರಡೂ ಬದಿ ದರೆ ಸಮೇತ. 60 ಮೀಟರ್ ಸುತ್ತು ಜಾಸ್ತಿ. 640 ಮೀಟರ್, 5 ಮೀಟರ್ ಅಗಲ, 0.32 ಹೆಕ್ಟೇರ್, ಮಿತಿ 24 ಮರ. ಎಣಿಸಿದ್ರೆ 14. ಕೆಳಗಿನ ದಾರಿ ಹೋಗ್ತಿದ್ದಿದ್ದು ನಾವೇ ಕುಡಿಯೋ ಅಬ್ಬಿ ನೀರಿನ ತಲೆಯ ಮೇಲೆ ಅನ್ನೋದೂ ಆಮೇಲೆ ಹೊಳೀತು. ಜೆಸಿಬಿ ಅಲ್ಲಿ ಗುಡ್ಡ ಕೊರೆದಿದ್ರೆ ಮೊದಲ ಮಳೆಗೇ ಮಣ್ಣು ಜಾರಿ ನೀರೂ ಹೋಗ್ತಿತ್ತು, ರಸ್ತೆಯೂ ಹೋಗ್ತಿತ್ತು. ಮರದ ಮಿತಿ ಇಲ್ಲದೇ ಇದ್ದಿದ್ರೆ ನಾವು ಅಜ್ಜಿಯನ್ನು ಕೇಳ್ತಾನೇ ಇರಲಿಲ್ಲ.

ಗ್ರಾಮಸಭೆ ಅಂದ್ರೆ ಪಂಚಾಯ್ತಿ ಮೀಟಿಂಗ್ ಅಲ್ಲ

ಇದೊಂದು ಗೊಂದಲ ಎಷ್ಟು ಕಡತ ಕೊಂದಿದೆಯೋ. ಆಯ್ಕೆಯಾದ ಸದಸ್ಯರು, ಅಧ್ಯಕ್ಷರು, ಪಿಡಿಒ ಕೂತು ಮಾಡೋದು ಪಂಚಾಯ್ತಿಯ ಸಾಮಾನ್ಯ ಸಭೆ. ಅದರ ಠರಾವು ಇಲ್ಲಿ ನಡೆಯಲ್ಲ. ಗ್ರಾಮಸಭೆ ಅಂದ್ರೆ ಊರಿನ ಎಲ್ಲ ವಯಸ್ಕರ ಸಭೆ. ನಮ್ಮ ಮೊದಲ ಪ್ರಸ್ತಾವ ಹೋಗಿದ್ದು ಸಾಮಾನ್ಯ ಸಭೆಯ ಠರಾವಿನ ಜೊತೆ, ಮೂರು ತಿಂಗಳಿಗೆ ವಾಪಸ್ ಬಂತು.

ಎರಡನೇ ಸಲ ಗ್ರಾಮಸಭೆಯನ್ನೇ ಮಾಡಿದೆವು. ಅದೂ ವಾಪಸ್! ಯಾಕಂದ್ರೆ ಕೋರಂ. ವರ್ಷಕ್ಕೆರಡು ಸಲ ನಡೆಯೋ ಮಾಮೂಲಿ ಗ್ರಾಮಸಭೆಗೆ ಸಣ್ಣ ಕೋರಂ ಸಾಕಾಗುತ್ತೆ. ಆದರೆ ಅರಣ್ಯ ಹಕ್ಕು ಕಾಯ್ದೆಯಡಿ ಸೇರೋ ಗ್ರಾಮಸಭೆಗೆ, 2012ರಲ್ಲಿ ತಿದ್ದುಪಡಿಯಾದ ನಿಯಮದ ಪ್ರಕಾರ, ಒಟ್ಟು ಸದಸ್ಯರ ಅರ್ಧದಷ್ಟಾದರೂ ಜನ ಇರಬೇಕು. ಬಂದವರಲ್ಲಿ ಮೂರನೇ ಒಂದು ಭಾಗವಾದರೂ ಹೆಂಗಸರಿರಬೇಕು. ನಮ್ಮ ಗ್ರಾಮದಲ್ಲಿ 212 ವಯಸ್ಕರು, ಬೇಕಾಗಿದ್ದು 106. ಸಹಿ ಇದ್ದಿದ್ದು 61. ಅದೂ ನಾವು ಸಭೆ ಇಟ್ಕೊಂಡಿದ್ದು ಡಿಸೆಂಬರ್‌ನಲ್ಲಿ, ಕೊನೆಕೊಯ್ಲಿನ ನಡುವೆ. ಮನೆಯಲ್ಲಿ ಅಡಿಕೆ ಸುಲಿಯೋದು ಬಿಟ್ಟು ಯಾರು ಬರ್ತಾರೆ?

ಇನ್ನೊಂದು ತೊಡಕು, ಬೆಂಗಳೂರಿನಲ್ಲಿ ಕೆಲಸಕ್ಕಿರೋ ನಮ್ಮೂರಿನ ಮೂವತ್ತಕ್ಕೂ ಹೆಚ್ಚು ಹುಡುಗ ಹುಡುಗಿಯರ ಹೆಸರು ಊರಿನ ಮತದಾರರ ಪಟ್ಟಿಯಲ್ಲೇ ಇದೆ. ಅವರು ಬರಲ್ಲ, ಒಟ್ಟು ಲೆಕ್ಕದಲ್ಲಿ ಮಾತ್ರ ಇರ್ತಾರೆ. ಮೂರನೇ ಸಲ ಸಭೆಯನ್ನು ಗಣೇಶ ಚೌತಿಯ ಮಾರನೇ ದಿನಕ್ಕೆ ಇಡಿಸಿದೆವು. ಹಬ್ಬಕ್ಕೆ ಎಲ್ಲರೂ ಊರಲ್ಲಿರ್ತಾರೆ. ಪಿಡಿಒ ಮೊದಲು ರಜೆ ಅಂತ ರಾಗ ತೆಗೆದ್ರು, ಆಮೇಲೆ ಒಪ್ಪಿದ್ರು. 118 ಜನ ಬಂದರು, ಅದರಲ್ಲಿ 47 ಹೆಂಗಸರು. ನಿಮ್ಮೂರಲ್ಲಿ ಅದು ಜಾತ್ರೆ ಇರಬಹುದು, ಉರುಸ್ ಇರಬಹುದು, ದೀಪಾವಳಿ ಇರಬಹುದು. ಕ್ಯಾಲೆಂಡರ್ ನೋಡಿ ದಿನ ಕೇಳಿ.

ಆ ಸಭೆ ಸುಲಭವಾಗಿ ಮುಗೀಲಿಲ್ಲ. ಮೇಲಿನ ದಾರಿ ಹೋಗೋದು ಇಬ್ಬರು ದನ ಮೇಯಿಸೋ ಜಾಗದ ಪಕ್ಕ. ಅವರು ಎದ್ದು ನಿಂತು ವಿರೋಧ ಹೇಳಿದ್ರು. ರಸ್ತೆ ಬಂದ್ರೆ ರಾತ್ರಿ ಮರಗಳ್ಳರ ಗಾಡಿಯೂ ಬರುತ್ತೆ ಅಂತ ಚಿಕ್ಕಪ್ಪನೇ ಹೇಳಿದರು, ಅದು ಸುಳ್ಳೂ ಅಲ್ಲ. ಕೊನೆಗೆ ರಾತ್ರಿ ಹಾಕೋಕೆ ಒಂದು ತಡೆಗೇಟು, ದನ ದಾಟೋಕೆ ಎರಡು ಕಡೆ ಇಳಿಜಾರು, ಇವನ್ನೂ ಸೇರಿಸಿ ಠರಾವು ಬರೆದೆವು. ವಿರೋಧ ಹೇಳಿದವರ ಮಾತನ್ನೂ ನಡಾವಳಿಯಲ್ಲಿ ಬರೆಸಿದೆವು. ಬರೆಸದೇ ಬಿಟ್ಟಿದ್ರೆ ಅವರು ನಾಳೆ ತಕರಾರು ಅರ್ಜಿ ಹಾಕ್ತಿದ್ರು, ಹಾಕಿದ್ರೆ ತಪ್ಪು ಅಂತಲೂ ನಾನು ಹೇಳ್ತಿರಲಿಲ್ಲ.

ಗ್ರಾಮಸಭೆಗೆ ಬೇಡ ಅನ್ನೋ ಹಕ್ಕೂ ಇದೆ, ನೆನಪಿರಲಿ. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬೇಕಾ ಬೇಡವಾ ಅನ್ನೋದನ್ನು ಗ್ರಾಮಸಭೆಗಳ ಮುಂದಿಡಿ ಅಂತ ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದಾಗ, ಹನ್ನೆರಡಕ್ಕೆ ಹನ್ನೆರಡು ಹಳ್ಳಿಗಳೂ ಬೇಡ ಅಂದವು. ಗಣಿ ನಿಂತಿತು. ಅದು ಇದೇ ಕಾಯ್ದೆಯ ಬಲ.

ಠರಾವಿನಲ್ಲಿ ಏನಿರಬೇಕು

"ರಸ್ತೆ ಮಾಡಿಕೊಡಬೇಕೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಅಂತ ಒಂದು ಸಾಲು ಬರೆದ್ರೆ ಅದು ಮನವಿ, ಶಿಫಾರಸು ಅಲ್ಲ. ನಮ್ಮ ಮೂರನೇ ಠರಾವಿನಲ್ಲಿ ಅರಣ್ಯ ಹಕ್ಕು ಕಾಯ್ದೆ 3(2) ಅಂತ ಹೆಸರು ಹಿಡಿದು ಬರೆಸಿದೆವು. ಸರ್ವೆ ನಂಬರ್, ಉದ್ದ, ಅಗಲ, ಒಟ್ಟು ವಿಸ್ತೀರ್ಣ ಹೆಕ್ಟೇರಿನಲ್ಲಿ, ಮರದ ಸಂಖ್ಯೆ, ಎಷ್ಟು ಮನೆಗೆ ಉಪಯೋಗ, ಗ್ರಾಮದ ಒಟ್ಟು ವಯಸ್ಕರು, ಹಾಜರಿದ್ದವರು, ಅದರಲ್ಲಿ ಹೆಂಗಸರು. ಸಹಿ ಪುಸ್ತಕದ ಪ್ರತಿ ಪುಟದ ಫೋಟೋ ಅಲ್ಲೇ ತೆಗೆದುಕೊಂಡೆವು. ದೃಢೀಕೃತ ನಕಲು ಎರಡು ಪಡೆದು ಒಂದನ್ನು ಊರಲ್ಲೇ ಇಟ್ಟೆವು. ಕಡತ ಕಳೆದುಹೋಗಿದೆ ಅನ್ನೋ ಮಾತು ಮುಂದೆ ಕೇಳಿಬಂದಾಗ ಅದೇ ನಕಲು ಕೈ ಹಿಡೀತು.

ಒಂದು ಠರಾವಿಗೆ ಒಂದೇ ವಿಷಯ. ರಸ್ತೆಯ ಜೊತೆ ಯಾರದೋ ಸಾಗುವಳಿ ಜಮೀನಿನ ಹಕ್ಕಿನ ಅರ್ಜಿ ಸೇರಿಸಬೇಡಿ. ಅದರ ದಾರಿಯೇ ಬೇರೆ. ಅಲ್ಲಿ 2005ರ ಡಿಸೆಂಬರ್ 13ಕ್ಕಿಂತ ಮುಂಚಿನ ಸ್ವಾಧೀನ, ಬುಡಕಟ್ಟಿನವರಲ್ಲದಿದ್ದರೆ ಮೂರು ತಲೆಮಾರಿನ ವಾಸ, ಅರಣ್ಯ ಹಕ್ಕು ಸಮಿತಿ, ಎಸಿ ಅಧ್ಯಕ್ಷತೆಯ ಉಪವಿಭಾಗ ಸಮಿತಿ, ಡಿಸಿ ಅಧ್ಯಕ್ಷತೆಯ ಜಿಲ್ಲಾ ಸಮಿತಿ ಅಂತ ಹೋಗುತ್ತೆ. ಎರಡನ್ನೂ ಕಲಸಿದ್ರೆ ರಸ್ತೆಯ ಕಡತವೂ ಆ ರಾಶಿಗೆ ಸೇರುತ್ತೆ.

ಕಡತ ಎಲ್ಲಿಗೆ ಹೋಗುತ್ತೆ

ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯ 2009ರ ಮೇ 18ರಂದು ಇದರ ವಿಧಾನ ಹೊರಡಿಸಿದೆ. ಕೆಲಸ ಮಾಡೋ ಸಂಸ್ಥೆ, ಅಂದ್ರೆ ಪಂಚಾಯ್ತಿ ಅಥವಾ ಇಲಾಖೆ, ನಮೂನೆ ಎ ತುಂಬಿ ಗ್ರಾಮಸಭೆಯ ಠರಾವಿನ ಜೊತೆ ವಲಯ ಅರಣ್ಯಾಧಿಕಾರಿಗೆ ಕೊಡಬೇಕು. ಅವರು ಸ್ಥಳ ನೋಡಿ ಮೂರು ವಾರದೊಳಗೆ ನಮೂನೆ ಬಿಯಲ್ಲಿ ವರದಿಯನ್ನು ಡಿಎಫ್‌ಓಗೆ ಕಳಿಸಬೇಕು. ನಮ್ಮ ರಾಜ್ಯದಲ್ಲಿ ಆ ಕುರ್ಚಿಯಲ್ಲಿರೋದು ಉಪ ಅರಣ್ಯ ಸಂರಕ್ಷಣಾಧಿಕಾರಿ. ಎಲ್ಲ ಸರಿ ಇದ್ರೆ ಅವರು ನಾಲ್ಕು ವಾರದೊಳಗೆ ಅನುಮತಿ ಕೊಡಬಹುದು. ಅವರಿಗೆ ಒಪ್ಪಿಗೆ ಇಲ್ಲದಿದ್ರೆ ಪ್ರಸ್ತಾವ ಡಿಸಿ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿಯ ಮುಂದೆ ಹೋಗುತ್ತೆ. ಅಂದ್ರೆ ಸಣ್ಣ ರಸ್ತೆಯ ತೀರ್ಮಾನ ಜಿಲ್ಲೆಯೊಳಗೇ ಮುಗಿಯುತ್ತೆ.

ಕಾಗದದ ಮೇಲೆ ಏಳು ವಾರ. ನಮಗೆ ಹಿಡಿದಿದ್ದು ಒಂಬತ್ತು ತಿಂಗಳು. ಹೆಚ್ಚು ದಿನ ಹೋಗಿದ್ದು ಅರಣ್ಯ ಇಲಾಖೆಯಲ್ಲಿ ಅಲ್ಲ ಅನ್ನೋದನ್ನು ನ್ಯಾಯವಾಗಿ ಹೇಳಬೇಕು. ಸ್ಥಳಕ್ಕೆ ಬಂದ ಅಧಿಕಾರಿ ಲೆಕ್ಕ ನೋಡಿ, "ಇಷ್ಟು ಸರಿಯಾಗಿ ತಂದಿದ್ರೆ ಹಿಂದೆಯೇ ಆಗ್ತಿತ್ತಲ್ರಿ" ಅಂದ್ರು. ನಾಲ್ಕು ತಿಂಗಳು ಹೋಗಿದ್ದು ನಮೂನೆ ಎಗೆ ಸಹಿ ಹಾಕಬೇಕಾದ ಒಂದು ಕಚೇರಿಯ ಮೇಜಿನ ಮೇಲೆ. ಸಂಬಂಧಪಟ್ಟವರು ರಜೆಯಲ್ಲಿದ್ದಾರೆ, ವರ್ಗ ಆಗಿದೆ, ಎಂಜಿನಿಯರ್ ಬಂದಿಲ್ಲ, ಇದೇ. ಹತ್ತು ರೂಪಾಯಿ ಶುಲ್ಕದಲ್ಲಿ ಮಾಹಿತಿ ಹಕ್ಕು ಅರ್ಜಿ ಹಾಕಿದೆವು. ಕೇಳಿದ್ದು ಒಂದೇ: ಇಂಥ ತಾರೀಖಿಗೆ ಸ್ವೀಕೃತಿಯಾದ ಪ್ರಸ್ತಾವ ಈಗ ಯಾರ ಬಳಿ ಇದೆ, ಎಷ್ಟು ದಿನದಿಂದ ಇದೆ. ಉತ್ತರಕ್ಕೆ ಮೂವತ್ತು ದಿನದ ಗಡುವು, ಕಡತ ಹದಿನೆಂಟನೇ ದಿನಕ್ಕೆ ಎದ್ದು ಓಡಿತು. ಅದಕ್ಕೇ ಹೇಳೋದು, ಏನು ಕೊಟ್ಟರೂ ಸ್ವೀಕೃತಿ ಸೀಲು ಹಾಕಿಸಿಕೊಳ್ಳದೇ ಕಚೇರಿಯಿಂದ ಹೊರಗೆ ಬರಬೇಡಿ.

ಕಾಯೋಕೆ ತಾಳ್ಮೆ ಇಲ್ಲದ ಒಂದು ಪಕ್ಕದೂರಿನ ಕಥೆಯೂ ಗೊತ್ತು. ಹುಡುಗರು ಚಂದಾ ಎತ್ತಿ ರಾತ್ರೋರಾತ್ರಿ ಜೆಸಿಬಿ ತರಿಸಿ ದಾರಿ ಬಿಡಿಸಿದ್ರು. ಬೆಳಗಾಗೋದರಲ್ಲಿ ಯಂತ್ರ ಜಪ್ತಿ, ಆರು ಜನರ ಮೇಲೆ ಅರಣ್ಯ ಕಾಯ್ದೆಯಡಿ ಕೇಸು. ಅದರಲ್ಲಿ ಒಬ್ಬ ಪೊಲೀಸ್ ಕೆಲಸದ ಪರೀಕ್ಷೆ ಬರೆದಿದ್ದವನು. ಈಗ ಅಲ್ಲಿ ಕಾನೂನಿನ ದಾರಿಯಲ್ಲಿ ಪ್ರಸ್ತಾವ ಹಾಕೋಣ ಅಂದ್ರೂ ಆ ಜಾಗ ಪ್ರಕರಣದಲ್ಲಿದೆ ಅನ್ನೋ ಉತ್ತರ ಬರ್ತಿದೆ.

ನಮ್ಮದಕ್ಕೆ ಫೆಬ್ರವರಿಯಲ್ಲಿ ಅನುಮತಿ ಪತ್ರ ಬಂತು. ಏಪ್ರಿಲ್‌ನಲ್ಲಿ ಇಲಾಖೆಯವರು ಬಂದು ಹಳೇ ಗಾಡಿ ದಾರಿಯ ಎರಡೂ ಬದಿಗೆ ಗಡಿ ಗುರುತು ಹಾಕಿದ್ದಾರೆ. ಕಡೀಬೇಕಾದ 14ರಲ್ಲಿ ಎರಡು ಮರ ಬದಿಗೆ ಸಿಕ್ಕಿ ಉಳಿದವು, ಈಗ 12. ಅಂದಾಜುಪಟ್ಟಿ ಹೊಸದಾಗಿ ಆಗಬೇಕು, ಯಾಕಂದ್ರೆ ಹಳೇ ಹಣ ವಾಪಸ್ ಹೋಗಿ ಆಗಿದೆ. ಈ ಮಳೆಗಾಲವೂ ಅಡಿಕೆ ಮೂಟೆ ಹೊತ್ತೇ ತರಬೇಕು. ಮುಂದಿನ ಕ್ರಿಯಾಯೋಜನೆಯಲ್ಲಿ ರಸ್ತೆಯನ್ನು ಸೇರಿಸೋಕೆ ವಾರ್ಡ್ ಸಭೆ ಬರೋ ತಿಂಗಳು ಇದೆ, ಅದರ ನೋಟಿಸನ್ನು ಕೇರಿಯ ವಾಟ್ಸಾಪ್ ಗುಂಪಿಗೆ ನಿನ್ನೆಯೇ ಹಾಕಿದ್ದೇನೆ. ಕೆಳಮನೆ ಅಜ್ಜಿಗೆ ವಾಟ್ಸಾಪ್ ಇಲ್ಲ, ಅವರ ಮನೆಗೆ ಹೋಗಿ ಹೇಳಿ ಬರಬೇಕು.